ಎವಾರಿಸ್ತೊನ ಅಡುಗೆಮನೆಯಿಂದ ನೇರಪ್ರಸಾರ

ಎವಾರಿಸ್ತೊನ ಅಡುಗೆಮನೆಯ ಕಿಟಕಿ ಆ ಗಲ್ಲಿಯಲ್ಲೇ ಎಲ್ಲಕ್ಕಿಂತ ಎತ್ತರದಲ್ಲಿದ್ದದ್ದು ಎಲ್ಲದಕ್ಕೂ ಕಾರಣವಾಯಿತು. ಕ್ಷೌರದಂಗಡಿಯ ಸಾಬಾತೊ ಒಂದು ದಿನ ತಂತಿಯ ಸುರುಳಿ ಹಿಡಿದು ಬಂದು, ಆಂಟೆನಾ ಕಟ್ಟಲು ಜಾಗ ಕೇಳಿದ. ಸಂಕೋಚದ ಎವಾರಿಸ್ತೊ ಬೇಡವೆನ್ನಲು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಆಂಟೆನಾದ ಹಿಂದೆ ಪ್ರಸಾರದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಕ್ಯಾಮೆರಾ, ಕ್ಯಾಮೆರಾದ ಹಿಂದೆ ಅರ್ಧ ಗಲ್ಲಿ ಒಳಗೆ ಬಂದು ಕೂತಿತ್ತು.

ನೇಪಲ್ಸ್‌ನ ಆ ಗಲ್ಲಿಗೆ ಲೈಸೆನ್ಸ್ ಇಲ್ಲದ ಸ್ವಂತ ಟಿವಿ ಬಂದದ್ದು ಹೀಗೆ. ಮೀನಿನಂಗಡಿಯ ತಿರುವು ದಾಟಿದರೆ ಪರದೆಯ ಮೇಲೆ ಬರೀ ಚುಕ್ಕೆ. ತಿರುವಿನ ಈಚೆಗೆ ಮಾತ್ರ ಮನೆಮನೆಯ ಟಿವಿಯಲ್ಲೂ ಎವಾರಿಸ್ತೊನ ಒಲೆ. ಸಾಬಾತೊ ಸುದ್ದಿ ಓದುವಾಗ ಬೆನ್ನ ಹಿಂದೆ ಎವಾರಿಸ್ತೊ ಉಣ್ಣುವುದು ಕಾಣುತ್ತಿತ್ತು, ಬಟ್ಟೆಯಂಗಡಿಯ ಗಾಜಿನೊಳಗಿನ ಬೊಂಬೆಗೆ ಹಸಿವಾದ ಹಾಗೆ. ಮೆಟ್ಟಿಲಿಳಿದರೆ ಸಾಕು, ನಿನ್ನೆ ಬೆಳ್ಳುಳ್ಳಿ ಸೀದಿತ್ತು ಎಂದು ಒಬ್ಬರು, ತುತ್ತು ಸ್ವಲ್ಪ ಚಿಕ್ಕದಿರಲಿ ಎಂದು ಇನ್ನೊಬ್ಬರು. ತನ್ನ ಮೇಜಿನಲ್ಲಿ, ಯಾರ ಕಣ್ಣಿಗೂ ಬೀಳದೆ, ಒಂದು ತಟ್ಟೆ ಪಾಸ್ತಾ ತಿನ್ನಬೇಕು ಎಂಬುದಷ್ಟೇ ಅವನ ಆಸೆ.

ಕೊನೆಗೆ ಒಂದು ಬೆಳಿಗ್ಗೆ ದೂರದ ಬೀದಿಯ ಕಾಫಿ ಅಂಗಡಿಗೆ ಹೋಗಿ, ದನಿಯ ಗುರುತು ಸಿಗದಂತೆ ಮೂಗು ಹಿಡಿದುಕೊಂಡು ಸರ್ಕಾರಿ ಕಚೇರಿಗೆ ಫೋನ್ ಮಾಡಿ, ತನ್ನ ಮೇಲೆ ತಾನೇ ದೂರು ಕೊಟ್ಟ. ಆಮೇಲೆ ಹಗುರಾಗಿ ಮನೆಗೆ ಬಂದು ಬೀನ್ಸ್ ಬೇಯಲು ಇಟ್ಟ.

ಚರಂಡಿಯ ದೂರಿಗೆ ವರ್ಷಗಟ್ಟಲೆ ಬಾರದ ಸರ್ಕಾರ ಬೀನ್ಸ್ ಬೇಯುವ ಮೊದಲೇ ಬಂತು. ಅಧಿಕಾರಿ ಸಭ್ಯ ಮನುಷ್ಯ, ಟೋಪಿ ತೆಗೆದು ವಂದಿಸಿದ. ಮೆಟ್ಟಿಲ ತುಂಬ ಜನ. ಪಕ್ಕದ ಮನೆಯ ವಿಧವೆ ಎರ್ಮೆಲಿಂದಾ ಹೆಣ ಎತ್ತುವಾಗಿನಂತೆ ಅಳುತ್ತಿದ್ದಳು.

"ತಗೊಂಡು ಹೋಗಿ ಸಾರ್," ಎಂದು ಎವಾರಿಸ್ತೊ ಪೆಟ್ಟಿಗೆ ತೋರಿಸಿದ. "ಕೆಳಗಿನ ತನಕ ನಾನೇ ಹೊತ್ತು ಕೊಡ್ತೀನಿ."

"ಹೊರಗೆ ತಗೊಂಡು ಹೋಗೋ ಹಾಗಿಲ್ಲ. ಕೇಸ್ ಮುಗಿಯೋ ತನಕ ಇದ್ದಲ್ಲೇ ಇರ್ಬೇಕು. ಈ ಕೋಣೆಗೇ ಸೀಲ್ ಹಾಕ್ತೀವಿ. ಕಾವಲಿಗೆ ನೀವೇ ಜವಾಬ್ದಾರಿ."

"ಎಷ್ಟು ದಿನ ಸಾರ್?"

"ನನಗಿಂತ ಹಿಂದಿನವರು ಹಾಕಿದ ಸೀಲುಗಳೇ ಇನ್ನೂ ಇವೆ," ಎಂದ ಅಧಿಕಾರಿ ಮೆಲ್ಲಗೆ. ಒಲೆ ಆರಿಸುವುದನ್ನು ಅವನು ಮರೆಯಲಿಲ್ಲ. ಬಾಗಿಲೆಳೆದು ಸೀಲಿನ ಪಟ್ಟಿ ಅಂಟಿಸಿದ. ಬೀನ್ಸ್ ಒಳಗೇ ಉಳಿಯಿತು.

ಗಲ್ಲಿಯ ಕರುಳು ಕರಗಿತು. ಎರ್ಮೆಲಿಂದಾ ಒಂದು ತಟ್ಟೆ ಊಟ ತಂದಳು. ಸಾಬಾತೊ ಎಲ್ಲಿಂದಲೋ ಇನ್ನೊಂದು ಪೆಟ್ಟಿಗೆ, ಇನ್ನೊಂದು ಕ್ಯಾಮೆರಾ ತಂದ.

"ದೊನ್ ಎವಾರಿಸ್ತೊ, ನಮಗೋಸ್ಕರ ಅಡುಗೆಮನೆ ಕಳ್ಕೊಂಡ್ರಿ. ನಿಮ್ಮನ್ನ ಕೈ ಬಿಡ್ತೀವಾ? ಮಲಗೋ ಕೋಣೆ ಕಿಟಕಿನೂ ಅಷ್ಟೇ ಎತ್ತರ ಇದೆ."

ಸಂಜೆಗೆ ಎವಾರಿಸ್ತೊ ತನ್ನ ಹಾಸಿಗೆಯ ಅಂಚಿನಲ್ಲಿ, ತೊಡೆಯ ಮೇಲೆ ತಟ್ಟೆ, ಮುಖದ ಮೇಲೆ ದೀಪ ಹೊತ್ತು ಕೂತಿದ್ದ. ಸಾಬಾತೊ ಮೈಕ್ ಚಾಚಿದ.

"ದೂರು ಕೊಟ್ಟ ದ್ರೋಹಿಗೆ ಏನ್ ಹೇಳ್ತೀರಿ?"

ಎವಾರಿಸ್ತೊ ಮುಚ್ಚಿದ ಅಡುಗೆಮನೆಯ ಕಡೆ ನೋಡಿದ.

"ಅವನಂಥ ಮುಠ್ಠಾಳ ಈ ಊರಲ್ಲೇ ಇಲ್ಲ," ಎಂದ. "ಅವನ ಕೈ ಸೇದಿಹೋಗ್ಲಿ. ಅವನ ಮನೇಲಿ ಒಲೆ ಉರೀದೇ ಇರ್ಲಿ."

ತಟ್ಟೆ ಪಕ್ಕಕ್ಕಿಟ್ಟು, ಬಿಡದೆ ಬೈದ. ಕಿಟಕಿಕಿಟಕಿಯಿಂದ ಚಪ್ಪಾಳೆ ಬಂತು. ಎಷ್ಟು ಮನಸ್ಸಿಟ್ಟು ಬೈತಾರೆ ಎಂದು ಎರ್ಮೆಲಿಂದಾ ಕಣ್ಣೊರೆಸಿಕೊಂಡಳು. ಸಾಬಾತೊ ಕ್ಯಾಮೆರಾದ ಕಡೆ ತಿರುಗಿ, ಜನರ ಒತ್ತಾಯದ ಮೇರೆಗೆ ದೊನ್ ಎವಾರಿಸ್ತೊ ಇನ್ನು ಮುಂದೆ ದಿನವೂ ಊಟದ ಹೊತ್ತಿಗೆ ಬೈಯುತ್ತಾರೆ ಎಂದು ಘೋಷಿಸಿದ.