ಮೂಗಿನ ನಾಯಿ

ಯಮನೂರಪ್ಪನ ಫಜೀತಿಗೆಲ್ಲ ಕಾರಣ ಗೇಣುದ್ದದ ನಾಲ್ಕು ಕಾಲುಗಳು. ಸ್ವಾತಂತ್ರ್ಯ ಬಂದ ವರ್ಷ ಗದಗಿನಿಂದ ವಿಲಾಯತಿಗೆ ಹೊರಟ ಸಾಹೇಬನೊಬ್ಬನು ತನ್ನ ಬೀಗಲ್ ತಳಿಯ ಬೇಟೆನಾಯಿ ರೂಬಿಯನ್ನು ಅವನಿಗೆ ಒಪ್ಪಿಸಿದ್ದನು. ಯಮನೂರಪ್ಪನ ನೀಳಕಾಲಿನ ಬೇಟೆನಾಯಿ ಮಲ್ಲಿ ಸತ್ತು ಎರಡು ವರ್ಷವಾಗಿತ್ತು. ನಾಯಿಯಿಲ್ಲದವನನ್ನು ಬೇಟೆಗೆ ಕರೆಯುವ ವಾಡಿಕೆ ಕಳಸಾಪುರದಲ್ಲಿರಲಿಲ್ಲ. ಬೆಳಗಿನ ಹೊಲ, ಮಲ್ಲಿಯ ಓಟ, ಗೆಳೆಯರ ಕೇಕೆ ನೆನೆದು ಅವನು ಎರಡು ವರ್ಷವೂ ನಿಟ್ಟುಸಿರಿನಲ್ಲೇ ಕಳೆದಿದ್ದನು.

“ನಿನ್ನಿ ಒಂದ ದಿನಕ್ಕ ಎಂಟ ರೊಟ್ಟಿ ತಿಂದೈತಿ. ಇವತ್ತ ಮೊಲ ಬಂದ್ರ ನಾಯಿ ಇರಲಿ, ಇಲ್ಲಂದ್ರ ಹೊರಗ. ಮಸಾಲಿ ಅರದ ಇಟ್ಟಿರತೇನಿ,” ಎಂದು ಹೆಂಡತಿ ಹನಮವ್ವ ಖಡಾಖಂಡಿತ ನುಡಿದಳು.

ಹೊಲದಲ್ಲಿ ಬೇಟೆಯ ಮುಂದಾಳು ಈಶಪ್ಪ ರೂಬಿಯನ್ನು ಕಂಡು ನಕ್ಕನು. “ಲೇ ಯಮನೂರ, ಇದರ ಕಾಲು ಸಾಹೇಬನ ಹಡಗದಾಗ ಹೋದುವೇನೋ?”

“ನಿಮ್ಮವು ಕಣ್ಣಿನ ನಾಯಿ, ಇದು ವಾಸನಿ ಹಿಡದು ಹೋಗೂ ಮೂಗಿನ ನಾಯಿ. ಸಾಹೇಬನ ಅಡಿಗಿಯಂವ ಮೌಲಾಸಾಬ ಹೇಳ್ಯಾನ, ನಾಯಿ ಬಿಟ್ಟ ಜಾಗಾದಿಂದ ನಾವು ಕದಲಬಾರದಂತ. ಬ್ಯಾಟಿ ದುಂಡಗ ಸುತ್ತಿ ಅಲ್ಲೇ ಬರತೈತಿ.”

ಮೊಲ ಎದ್ದಿತು. ಈಶಪ್ಪನ ನಾಯಿಗಳು ಬಾಣದಂತೆ ಹಾರಿ, ಜೋಳದ ಹೊಲದಲ್ಲಿ ಅದನ್ನು ಕಳೆದುಕೊಂಡು, ನಾಲಗೆ ಜೋತುಬಿಟ್ಟು ಮರಳಿದವು. ರೂಬಿಯಾದರೋ ಕಳೆದ ಮೂಗುತಿ ಹುಡುಕುವ ಮುದುಕಿಯಂತೆ ಜಾಲಿಗಿಡದ ಬುಡವನ್ನೆಲ್ಲ ಮೂಸಿ, ಶಹನಾಯಿಯಂಥ ದನಿ ತೆಗೆದು ಹೊರಟಿತು. ಆ ದನಿ ಲಕ್ಕುಂಡಿಯ ಕಡೆ ಕರಗಿತು. ಹೊತ್ತು ನೆತ್ತಿಗೇರಿ ಇಳಿಯಿತು, ಯಮನೂರಪ್ಪ ಕದಲಲಿಲ್ಲ. ಬೈಗಿನ ವೇಳೆಗೆ ಬೆನ್ನ ಹಿಂದೆ ಶಹನಾಯಿ ಮತ್ತೆ ಕೇಳಿತು.

“ಬಂತೋ! ಸುತ್ತಿ ಬಂತೋ!”

ನಗುತ್ತಿದ್ದವರೆಲ್ಲ ಬಡಿಗೆ ಎತ್ತಿ ಅವನ ಅಕ್ಕಪಕ್ಕ ನಿಂತರು. ಎರಡು ವರ್ಷದಿಂದ ಅವನು ಬಯಸಿದ್ದು ಇದನ್ನೇ.

ಬೇಲಿ ಅಲುಗಿತು. ಹೊರಬಂದವನು ಮೌಲಾಸಾಬ; ಅವನ ಪಾಯಜಾಮದ ಅಂಚು ರೂಬಿಯ ಬಾಯಲ್ಲಿತ್ತು.

“ತಪ್ಪ ತಿಳೀಬ್ಯಾಡ್ರಿ, ಯಮನೂರಪ್ಪಾರ. ಇದನ್ನ ಒಮ್ಮಿ ನೋಡೂಣಂತ ನಸಕಿನ್ಯಾಗ ಬಂದು ಈ ಜಾಲಿಗಿಡದ ಬುಡಕ ಕುಂತಿದ್ದೆ. ನಿಮ್ಮನ್ನ ಕಂಡು ನಾಚಿಕಿ ಆತು, ಎದ್ದು ಹೋದೆ. ಎಷ್ಟ ದೂರ ಹೋದ್ರೂ ಕಾಲು ಹೊಳ್ಳಿ ಈ ಕಡೇನ ಬಂದುವ್ರಿ.”

ಈಶಪ್ಪ ಗಂಭೀರನಾದನು. “ವಾಡಿಕಿ ಮುರಿಯಾಕ ಬರೂದಿಲ್ಲ. ಯಾರ ನಾಯಿ ಹಿಡಿತೈತೋ ಬ್ಯಾಟಿ ಅವರದ. ಒಯ್ಯೋ ಮನಿಗೆ!”

ಹನಮವ್ವ ಅರೆದ ಮಸಾಲೆಗೆ ಬದನೆಕಾಯಿ ಹಾಕಿ ಅತಿಥಿಗೆ ಉಣಬಡಿಸಿದಳು. ಆಡಿದ ಮಾತನ್ನು ಮಾತ್ರ ಬಿಡಲಿಲ್ಲ. “ನನಗ ಸಿಗೂ ರೊಟ್ಟ್ಯಾಗ ಅರ್ಧ ಇದಕ್ಕ,” ಎಂದು ಮೌಲಾಸಾಬ ರೂಬಿಯೊಡನೆ ಗದಗಿಗೆ ನಡೆದನು.

ಮರುದಿನ ನಸುಕಿನಲ್ಲಿ ಮೌಲಾಸಾಬನ ಮನೆಯೆದುರಿನ ಬೇವಿನಮರದ ಮರೆಯಲ್ಲಿ ಯಮನೂರಪ್ಪ ಮುದುಡಿ ಕುಳಿತಿದ್ದನು. ಗಾಳಿ ತನ್ನ ವಾಸನೆ ಹೊತ್ತು ಮನೆಯೊಳಗಿನ ರೂಬಿಯ ಕಡೆಗೆ ಬೀಸುತ್ತಿದೆಯೇ ಎಂದು ಆಗಾಗ ಬೆರಳು ನೆನೆಸಿ ನೋಡುತ್ತಿದ್ದನು.