ದನದ ಡಾಕ್ಟರ ಆ್ಯಪು ಊರಿಗಿಳಿದಾಗ

ಆಫೀಸಿನೊಳಗೆ ಜಿಂಕೆ ಹಂಗೆ ಓಡುವ ಆ್ಯಪು ಜನರ ಕೈಗೆ ಹೋದ ದಿನವೇ ಕುಂಟುತ್ತೆ. ಚನ್ನಗಿರಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಇಷ್ಟು ವರ್ಷ ಕೂತು ನಾನು ಕಲಿತದ್ದು ಇದೊಂದೇ. ನಗೋಕಾದ್ರೂ ಏನಾದ್ರೂ ಸಿಗುತ್ತಲ್ಲ, ಅದಕ್ಕೇ ನನಗೆ ಬೇಸರವಿಲ್ಲ.

ನಾಲ್ಕು ತಾಲ್ಲೂಕಿನ ನಾಲ್ಕು ಜನ ಖಾಸಗಿ ದನದ ಡಾಕ್ಟರು ಸೇರಿ ನಮ್ಮಿಂದ ಒಂದು ಆ್ಯಪು ಮಾಡಿಸಿದರು. ರೈತರು ಒಂದು ನಂಬರಿಗೆ ಫೋನ್ ಮಾಡಿದರೆ ಸಾಕು. ಫೋನ್ ಕಂಪನಿಯ ಕಂಪ್ಯೂಟರು ಆ ಸುದ್ದಿಯನ್ನು ತಾನೇ ನಮ್ಮ ಆ್ಯಪಿಗೆ ಮುಟ್ಟಿಸುತ್ತೆ, ಆ್ಯಪು ಡಾಕ್ಟರನ್ನು ಕಳಿಸುತ್ತೆ. ಹಿಂಗೆ ತಾನಾಗಿ ಸುದ್ದಿ ಮುಟ್ಟಿಸೋದಕ್ಕೆ ವೆಬ್‌ಹುಕ್ ಅಂತಾರೆ. ಯಾವ ಸುದ್ದಿ ಯಾವ ವಿಳಾಸಕ್ಕೆ ಹೋಗಬೇಕು ಅಂತ ಮೊದಲೇ ಬರೆಸಿಡೋದು ಸಬ್‌ಸ್ಕ್ರಿಪ್ಶನ್. ನಮ್ಮ ಫಜೀತಿಯೆಲ್ಲ ಅಲ್ಲೇ.

ಎಷ್ಟು ಲೀಟರು?

ಪರೀಕ್ಷೆ ಮುಗಿದು ಆ್ಯಪು ಜನರ ಬಳಕೆಗೆ ಹೋಗೋದಕ್ಕೆ ನಮ್ಮಲ್ಲಿ ‘ಪ್ರೊಡಕ್ಷನ್‌ಗೆ ಹೋಗೋದು’ ಅಂತಾರೆ. ಹೊನ್ನಾಳಿ ಡಾಕ್ಟರಿಗೆ ಫೋನ್ ಮಾಡಿ, “ಸಾರ್, ನಾಳೆಯಿಂದ ಪ್ರೊಡಕ್ಷನ್ ಶುರು” ಅಂದೆ.

“ಒಳ್ಳೇದಾತು ಮೇಡಂ. ಹೊತ್ತಿಗೆ ಎಷ್ಟು ಲೀಟರ್ ಕೊಡ್ತೈತೆ?”

“ಹಾಲಲ್ಲ ಸಾರ್, ಆ್ಯಪು.”

“ಹಂಗಾದ್ರೆ ಮೇವು ಉಳೀತು ಬಿಡ್ರಿ.”

ಒಂದೂ ದೂರಿಲ್ಲ

ಶುರುವಾದ ದಿನ ಒಂದೂ ದೂರು ಬರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗ, ಜಗಳೂರು ಕಡೆಯವನು, ಖುಷಿಯಾಗಿ ಪೇಡ ತಂದು ಹಂಚಿದ. ಅಷ್ಟರಲ್ಲಿ ಚನ್ನಗಿರಿ ಡಾಕ್ಟರು ಬ್ಯಾಗ್ ಸಮೇತ ಆಫೀಸಿಗೇ ಬಂದರು.

“ಅಲ್ರಮ್ಮ, ಸೂಳೆಕೆರೆ ಸುತ್ತಿನ ದನಗಳೆಲ್ಲ ಒಂದೇ ಸಲಕ್ಕೆ ಆರಾಮಾದ್ವಾ? ಬೆಳಗ್ಗಿಂದ ಒಂದು ಕರೆ ಇಲ್ಲ!”

ನೋಡಿದರೆ, ಫೋನ್ ಕಂಪನಿಯಲ್ಲಿ ನಾವು ಬರೆಸಿದ್ದು ಇನ್ನೂ ಪರೀಕ್ಷೆ ಕಾಲದ ವಿಳಾಸವೇ. ರೈತರ ಕರೆಗಳೆಲ್ಲ ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದ ಹಳೇ ಆ್ಯಪಿನೊಳಗೆ ಹೋಗಿ ಗುಡ್ಡೆ ಬಿದ್ದಿದ್ದವು. ಓಡಾಡಿ ವಿಳಾಸ ಬದಲಿಸಿದೆವು. ಹುಡುಗ ತಲೆ ತಗ್ಗಿಸಿ, “ದೂರು ಬರ್ಲಿಲ್ಲ ಅಂತ ಸರಿ ಐತೆ ಅಂದ್ಕೊಂಡಿದ್ವಿ ಸಾರ್” ಅಂದ.

ಡಾಕ್ಟರು ಎದ್ದರು. “ಬಾಗಿಲಿಗೆ ಬೀಗ ಹಾಕ್ಕೊಂಡು ಯಾರೂ ಬೈಯಾಕೆ ಬರ್ಲಿಲ್ಲ ಅಂತೀರಲ್ರೀ! ಇರ್ಲಿ, ದಾರಿಗೆ ಇನ್ನೆರಡು ಪೇಡ ಕೊಡ್ರಿ.”

ಹ್ಞೂಂ ಅನ್ನಬೇಕು

ನನ್ನ ನಾದಿನಿ ಫೋನಿನಲ್ಲಿ ಮಾತಾಡುವಾಗ ನಾವು “ಹ್ಞೂಂ” ಅನ್ನದಿದ್ದರೆ ಹೇಳಿದ್ದನ್ನೇ ಮತ್ತೆ ಮೊದಲಿಂದ ಹೇಳ್ತಾಳೆ. ಫೋನ್ ಕಂಪನಿಯ ಕಂಪ್ಯೂಟರೂ ಅವಳ ಜಾತಿಯದೇ. ಸುದ್ದಿ ಮುಟ್ಟಿತು ಅಂತ ನಮ್ಮ ಆ್ಯಪು ತಕ್ಷಣ ಉತ್ತರ ಕೊಡಬೇಕು, ಇಲ್ಲದಿದ್ದರೆ ಅದೇ ಸುದ್ದಿ ಮತ್ತೆ ಬರುತ್ತೆ. ನಮ್ಮ ಆ್ಯಪೋ, ಮೊದಲು ಡಾಕ್ಟರನ್ನು ಹುಡುಕಿ, ಆಮೇಲೆ ನಿಧಾನಕ್ಕೆ “ಹ್ಞೂಂ” ಅಂತಿತ್ತು.

ನ್ಯಾಮತಿ ಹತ್ತಿರದ ಒಬ್ಬ ಅಜ್ಜಿ, ಎಮ್ಮೆ ಮೇವು ಮುಟ್ತಿಲ್ಲ ಅಂತ ಒಂದೇ ಸಲ ಫೋನ್ ಮಾಡಿದ್ದು. ಆ್ಯಪು ಪ್ರತಿ ಸಲ ಬಂದ ಸುದ್ದಿಯನ್ನೂ ಹೊಸ ಕರೆ ಅಂತ ತಿಳಿದು ಒಬ್ಬೊಬ್ಬರನ್ನೇ ಕಳಿಸಿತು. ನ್ಯಾಮತಿ ಡಾಕ್ಟರು ಎಮ್ಮೆ ಮುಟ್ಟುವಷ್ಟರಲ್ಲಿ ಹೊನ್ನಾಳಿಯವರು ಬಂದರು, ಅವರು ಬೈಕ್ ನಿಲ್ಲಿಸುವಷ್ಟರಲ್ಲಿ ಚನ್ನಗಿರಿಯವರು. ಮೂವರೂ ಕೊಟ್ಟಿಗೆಯಲ್ಲಿ ಮುಖ ಮುಖ ನೋಡಿಕೊಂಡರು.

ಎಮ್ಮೆಗೆ ಬರೀ ಅಜೀರ್ಣ. ಅಜ್ಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು, “ಮೊನ್ನೆ ನಂಗೆ ಚಳಿಜ್ವರ ಬಂದಾಗ ಒಬ್ಬ ಡಾಕ್ಟರೂ ಇತ್ಲಾಗೆ ತಲೆ ಹಾಕ್ಲಿಲ್ಲ. ಮುಂದಿನ ಸಲ ನಾನೂ ಎಮ್ಮೆ ಅಂತ್ಲೇ ಬರೆಸ್ತೀನಿ” ಅಂದಳಂತೆ.

ಗೌರಿ ಯಾರು?

ಹಸುವನ್ನು ಪರೀಕ್ಷೆ ಮಾಡಿ ಗಬ್ಬ ನಿಂತಿದೆ ಅಂತ ಡಾಕ್ಟರು ಹೇಳಿದರೆ, ಮಾಲೀಕರಿಗೆ ಮೆಸೇಜ್ ಹೋಗಬೇಕು. ಇದನ್ನು ಪರೀಕ್ಷಿಸಲು ನಮ್ಮ ಜಗಳೂರು ಹುಡುಗನ ನಂಬರಿಗೂ ಒಂದು ಸಬ್‌ಸ್ಕ್ರಿಪ್ಶನ್ ಮಾಡಿದ್ದೆವು. ಅದನ್ನು ತೆಗೆಯೋದು ಮರೆತು, ಎಲ್ಲರ ಹಸುವಿನ ಮೆಸೇಜೂ ಆ ನಂಬರಿಗೂ ಹೋಗುತ್ತಿತ್ತು. ಅಷ್ಟರಲ್ಲಿ ಅವನು ಹೊಸ ನಂಬರ್ ತಗೊಂಡು, ಹಳೇ ಸಿಮ್ಮನ್ನು ಊರಲ್ಲಿ, ಸೊಕ್ಕೆಯಲ್ಲಿರುವ ತಾಯಿಗೆ ಕೊಟ್ಟಿದ್ದ.

ಒಂದು ದಿನ ಆ ತಾಯಿ ತನ್ನ ತಮ್ಮನನ್ನು, ಅಂದ್ರೆ ಹುಡುಗನ ಮಾವನನ್ನು, ಕರ್ಕೊಂಡು ಆಫೀಸಿಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಮಗನನ್ನು ಕೇಳಿದರು:

“ಗೌರಿ ಯಾರೋ?”

“ಯಾವ ಗೌರಿ ಅವ್ವಾ?”

ಅವರ ತಮ್ಮ ಫೋನ್ ತೆಗೆದು ಗಟ್ಟಿಯಾಗಿ ಓದಿದರು: “ಸಂತೋಷದ ಸುದ್ದಿ. ಗೌರಿಗೆ ಮೂರು ತಿಂಗಳು. ಚೆನ್ನಾಗಿ ನೋಡಿಕೊಳ್ಳಿ.”

ತಾಯಿ ಬಿಡಲಿಲ್ಲ.

“ನಾನೇನು ಬೇಡ ಅಂತಿದ್ನಾ? ಒಬ್ಬಳಾಗಿದ್ರೆ ಕರ್ಕೊಂಡು ಬಂದು ಅಕ್ಕಿ ಕಾಳು ಹಾಕಿಸ್ತಿದ್ದೆ. ಮರುದಿನ ಲಕ್ಷ್ಮಿ ಅಂತ ಬಂತು. ನಿನ್ನೆ ತುಂಗಾ! ಮೂವರನ್ನು ಎಲ್ಲಿಡಾನ ಹೇಳು!”

ನಗು ತಡೆಯಲಾಗದೆ ನಾನೇ ಮುಂದೆ ಹೋದೆ. “ಅಮ್ಮಾ, ಕೂತ್ಕೊಳ್ಳಿ. ಅವರೆಲ್ಲ ಹಸುಗಳು. ನಿಮ್ಮ ಮಗ ಬಂಗಾರದಂಥೋನು. ತಪ್ಪು ಆ್ಯಪಿಂದು.”

ಆಕೆ ಕುರ್ಚಿಯಲ್ಲಿ ಕುಸಿದು ಕೂತರು. ಅವರ ತಮ್ಮ ಗಹಗಹಿಸಿ ನಕ್ಕರು. ಹುಡುಗನಿಗೆ ಉಸಿರು ಬಂತು. ಆದರೆ ತಾಯಿಯ ಮುಖ ಯಾಕೋ ಅರಳಲಿಲ್ಲ. ಕೊಟ್ಟ ನೀರು ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಒಬ್ಬಳಾದ್ರೂ ಮನುಷ್ಯಳು ಇಲ್ವೇನು ತಾಯಿ? ನಾನು ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದು ಬಿಸಿಲಿಗಿಟ್ಟು ಬಂದೀನಿ.”