ಎಂಟನೇ ನಂಬರಿನ ಬಕೆಟ್ಟು

ಲಾಡ್ಜ್‌ನವನ ಸುಳ್ಳು ಹಿಡಿಯಲು ಲಾಡ್ಜ್‌ನವನೇ ಬೇಕು! ಬಾದಾಮಿಯ ಮುರ್ತುಜಸಾಬರು ಎದೆ ತಟ್ಟಿಕೊಂಡು ಈ ಘೋಷಣೆ ಹೊರಡಿಸಿದಾಗ ಅವರ ಹೆಂಡತಿ ಅಮೀನಬಿ ರೊಟ್ಟಿ ಬಡಿಯುತ್ತಿದ್ದರು. ಎರಡು ಡಜನ್ ಖಡಕ್ ರೊಟ್ಟಿ ಆಗಿದ್ದವು, ಇನ್ನೂ ಎರಡು ಡಜನ್ ಆಗಬೇಕಿತ್ತು. ಸಮುದ್ರ ನೋಡಲು ಹೋಗುವವರಿಗೆ ಅಷ್ಟಾದರೂ ಬೇಡವೇ?

“ಇಪ್ಪತ್ತೈದು ವರ್ಷ ಆತು ಲಾಡ್ಜ್ ನಡಸಾಕತ್ತು. ನನಗ ಟೋಪಿ ಹಾಕೋ ಹೋಟೆಲ್‌ನಾಂವ ಇನ್ನೂ ಹುಟ್ಟಿಲ್ಲ!”

“ಅಂವಾ ಹುಟ್ಟಲಿ ಬಿಡಲಿ, ನೀವು ಮೊದಲ ರೂಮ್ ಹಿಡೀರಿ. ಮಂಚದ ಮ್ಯಾಲ ಕುಂತು ಸಮುದ್ರ ನೋಡಬೇಕು ನಾ. ಈ ಮೊಣಕಾಲ ತಗೊಂಡು ಉಸುಕಿನಾಗ ಅಡ್ಡಾಡಾಕ ಆಗೂದಿಲ್ಲ.”

ಸಮುದ್ರ ತೋರಿಸುತ್ತೇನೆಂದು ಸಾಹೇಬರು ಮದುವೆಯಾದ ಹೊಸದರಲ್ಲಿ ಮಾತು ಕೊಟ್ಟಿದ್ದರು. ಆಮೇಲೆ ಲಾಡ್ಜು ಬಂತು. ಹನ್ನೊಂದು ರೂಮಿನ ಚಾದರ ಒಗೆಯುವುದರಲ್ಲೇ ಅಮೀನಬಿಯ ಮೊಣಕಾಲು ಸವೆದವು. ಈಗ ಬಣ್ಣ ಹಚ್ಚುವ ಸಲುವಾಗಿ ನಾಡಿದ್ದಿನಿಂದ ಲಾಡ್ಜಿಗೆ ನಾಲ್ಕು ದಿನ ಬೀಗ. ಈ ನಾಲ್ಕು ದಿನ ತಪ್ಪಿದರೆ ಮುಗಿಯಿತು! ಹಿಂದಿನ ಸಲ ಬಣ್ಣ ಹಚ್ಚಿದಾಗ ಮಗಳು ಫರಹಾನಾ ತೊಟ್ಟಿಲಲ್ಲಿದ್ದಳು. ಈಗ ಅವಳ ಬಿ.ಎಡ್. ಮುಗಿದಿದೆ.

ಆ ಫರಹಾನಾಳೇ ಹೊನ್ನಾವರದ ಕಡೆಯ ನಾಲ್ಕು ಹೋಟೆಲ್‌ಗಳ ಫೋಟೋ ಮೊಬೈಲಿಗೆ ಕಳಿಸಿದ್ದಳು. ಸಾಹೇಬರು ಕನ್ನಡಕ ಏರಿಸಿ ತನಿಖೆ ಆರಂಭಿಸಿದರು.

“‘ಸಮುದ್ರಕ್ಕೆ ಐದೇ ನಿಮಿಷ’ ಅಂತ! ನಾನೂ ‘ಗುಹೆಗೆ ಐದೇ ನಿಮಿಷ’ ಅಂತ ಬರಸೇನಿ. ನಾಯಿ ಬೆನ್ನ ಹತ್ತಿದ್ರ ಐದು ನಿಮಿಷ! ಬ್ಯಾಡ.”

“ಎರಡನೇದು?”

“‘ಇಪ್ಪತ್ತನಾಕ ತಾಸೂ ಬಿಸಿನೀರು.’ ನಮ್ಮ ಬೋರ್ಡ್‌ನಾಗೂ ಹಂಗ ಐತಿ. ಬರೂದು ಎಷ್ಟ ತಾಸು ಅಂತ ನನಗ ಗೊತ್ತಿಲ್ಲೇನು? ಬ್ಯಾಡ.”

ಮೂರನೆಯದರ ಫೋಟೋದಲ್ಲಿ ಮಂಚ ಇತ್ತು, ಬಾಗಿಲು ಇರಲಿಲ್ಲ. ಅಂದರೆ ಬಾಗಿಲು ತೆರೆದರೆ ಮಂಚಕ್ಕೆ ಬಡಿಯುತ್ತದೆ! ಈ ವಿದ್ಯೆಯೂ ಸಾಹೇಬರಿಗೆ ಕರತಲಾಮಲಕ. ಹೀಗೆ ಒಂದೊಂದನ್ನೇ ಜಾಲಾಡುವಷ್ಟರಲ್ಲಿ ಅರ್ಧ ದಿನ ಕಳೆದು, ಶಾಲೆಗಳಿಗೆ ರಜೆ ಬಿದ್ದು, ಮೂರೂ ಹೋಟೆಲ್ ತುಂಬಿಹೋದವು. ಉಳಿದದ್ದು ನಾಲ್ಕನೆಯದು, ಅದರಲ್ಲೂ ಒಂದೇ ರೂಮು.

“ಇದೂ ಹೋತಂದ್ರ ಈ ನಾಕ ಡಜನ್ ರೊಟ್ಟಿ ನೀವ ಒಬ್ಬರ ಕುಂತು ತಿನ್ನೂದು. ನಾ ಕೆರೂರಿಗೆ, ನಮ್ಮ ತಂಗಿ ಮನಿಗೆ!” ಅಮೀನಬಿ ಮೊಬೈಲಿನತ್ತ ಬೆರಳು ತೋರಿಸಿದರು. “ಫೋನ್ ಹಚ್ಚರಿ. ಸ್ಪೀಕರ್ ಇಡ್ರಿ, ನನಗೂ ಕೇಳಲಿ.”

ಹೋಟೆಲಿನ ಮಾಲೀಕ ಹರಿಕಾಂತ ಎಂಬಾತ ಎತ್ತಿದ. “ರೂಮಿನಿಂದ ಸಮುದ್ರ ಚೆಂದ ಕಾಣ್ತದೆ, ಬನ್ನಿ ಮಾರಾಯ್ರೆ” ಎಂದ.

ಸಾಹೇಬರು ಮೀಸೆಯ ಮೇಲೆ ಕೈಯಾಡಿಸಿ ತಮ್ಮ ಬ್ರಹ್ಮಾಸ್ತ್ರ ಬಿಟ್ಟರು: “ಬಕೆಟ್ ಮ್ಯಾಲ ಹತ್ತಿ ನಿಂದರಲಾರದ ಕಾಣತೈತೇನು?”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ನೀವು... ಬಾದಾಮಿಯವರೋ?”

“ಹೌದು. ಹೆಂಗ ಗೊತ್ತಾತು?”

“ಲಾಡ್ಜ್ ಇಟ್ಟವರೋ? ಎಂಟನೇ ನಂಬರ್, ಗುಹೆ ಕಾಣುವ ರೂಮು, ದರ ಹೆಚ್ಚು? ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ಹತ್ತಿ, ಕಿಂಡಿಯಲ್ಲಿ ಕತ್ತು ತೂರಿಸಿದ್ರೆ ಗುಹೆ ಕಾಣ್ತದೆ ಅಂದವರು ನೀವೇ ಅಲ್ವೋ? ನಾನು ಆ ಬಕೆಟ್‌ನಿಂದ ಬಿದ್ದವ ಮಾರಾಯ್ರೆ! ಎಂಟು ದಿನ ಸೊಂಟ ಹಿಡಿದುಕೊಂಡೇ ತಿರುಗಿದ್ದೆ!”

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಸಾಹೇಬರು ತಾವಾಗಿಯೇ ಹೆಗಲು ಮುಟ್ಟಿಕೊಂಡಿದ್ದರು!

ರೊಟ್ಟಿ ಬಡಿಯುವ ಸದ್ದು ನಿಂತಿತು. “ಅದಕ್ಕ ಏನ್ರಿ, ಎಂಟನೇ ನಂಬರಿನ ಬಕೆಟ್ ವರ್ಷಕ್ಕ ನಾಕ ಸಲ ತಳ ಒಡಿಯೂದು? ನಾ ನೀರಿನ ಭಾರಕ್ಕ ಅಂತ ತಿಳಕೊಂಡಿದ್ದೆ!”

ಸಾಹೇಬರು ಫೋನು ಕಟ್ ಮಾಡಲು ಹೊರಟರು. ಅಮೀನಬಿ ಹಿಟ್ಟಿನ ಕೈಯಲ್ಲೇ ಕಸಿದುಕೊಂಡರು. “ಅಣ್ಣಾರ, ಅವರ ತಪ್ಪಿಗೆ ನನಗ ಶಿಕ್ಷಾ ಕೊಡಬ್ಯಾಡ್ರಿ. ನಾ ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ.”

ಹರಿಕಾಂತನ ದನಿ ಮೆತ್ತಗಾಯಿತು. “ಬನ್ನಿ ಅಕ್ಕ, ರೂಮು ನಿಮಗೇ. ಸಾಹೇಬರಿಗೆ ಮಾತ್ರ ವಿಶೇಷ ವ್ಯವಸ್ಥೆ ಮಾಡ್ತೇನೆ ಅಂತ ಹೇಳಿ.”

ವಿಶೇಷ ವ್ಯವಸ್ಥೆ! ಇದರ ಅರ್ಥ ಲಾಡ್ಜ್‌ನವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ದಿನದ ಮೇಲೆ ಬಸ್ಸು ಕುಳಗೇರಿ ಕ್ರಾಸ್ ದಾಟುವ ಮೊದಲೇ ಸಾಹೇಬರು ತಮಗೆ ಕಾದಿರುವ ಸೇಡಿನ ಬಗೆಗಳನ್ನು ಬೆರಳಲ್ಲಿ ಎಣಿಸತೊಡಗಿದರು. ಹುಬ್ಬಳ್ಳಿಯಲ್ಲಿ ಚಹಾ ಸೇರಲಿಲ್ಲ. ಘಟ್ಟ ಇಳಿಯುವಾಗ ಅಮೀನಬಿ ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. ಆ ಮುಖ ನೋಡಿ ಸಾಹೇಬರು ತಮ್ಮ ಜೀವಮಾನದ ಸುಳ್ಳುಗಳನ್ನೆಲ್ಲ ನೆನೆದು ಮನಸ್ಸಿನಲ್ಲೇ ತೋಬಾ ಮಾಡಿ ಅಲ್ಲಾನ ಕ್ಷಮೆ ಬೇಡಿದರು.

ಹರಿಕಾಂತ ನಗುನಗುತ್ತ ಬೀಗದ ಕೈ ಕೊಟ್ಟ. ರೂಮಿನಲ್ಲಿ ಅರೆಗತ್ತಲು, ಒಂದು ಗೋಡೆಗೆ ಪೂರ್ತಿ ಪರದೆ. ಎದುರು ಗೋಡೆಯಲ್ಲಿ ಎತ್ತರಕ್ಕೊಂದು ಸಣ್ಣ ಕಿಂಡಿ. ಅದರ ಕೆಳಗೆ ಬೋರಲು ಹಾಕಿದ ಬಕೆಟ್ಟು! ಮೇಲೊಂದು ಚೀಟಿ: ‘ಸಮುದ್ರ ದರ್ಶನಕ್ಕೆ.’

ಸಾಹೇಬರ ಜೀವ ಬಾಯಿಗೆ ಬಂತು. ಜಗಳ ತೆಗೆಯಲು ಯಾವ ಮುಖ ಇತ್ತು? “ನೀ ಮಂಚದ ಮ್ಯಾಲ ಕುಂಡ್ರು, ಅಮೀನಾ. ನಾ ನೋಡಿ ಹೇಳ್ತೇನಿ” ಎಂದವರೇ ಬಕೆಟ್ ಹತ್ತಿ ಕಿಂಡಿಯಲ್ಲಿ ಕತ್ತು ತೂರಿಸಿದರು. ಹೊರಗೆ ಒಂದು ತೆಂಗಿನಮರ, ಯಾರದೋ ಒದ್ದೆ ಟವೆಲ್, ಕಟ್ಟಿಗೆಯ ಮೇಲೆ ಹೊದಿಸಿದ ತಾಡಪತ್ರಿ.

“ಕಾಣತೈತೇನ್ರಿ?”

“ಹಾಂ... ನೀಲಿ ಕಾಣಾಕತ್ತೈತಿ!” ತಾಡಪತ್ರಿ ನೀಲಿಯೇ ಇತ್ತು.

ಹಿಂದೆ ಸರ್ರನೆ ಸದ್ದಾಯಿತು. ರೂಮೆಲ್ಲ ಬೆಳಕು! ಸಾಹೇಬರು ತಿರುಗಿ ನೋಡಿದರೆ, ಮಂಚದ ಪಕ್ಕದ ದಾರ ಎಳೆದು ಅಮೀನಬಿ ಪರದೆ ಸರಿಸಿದ್ದರು. ಈ ತುದಿಯಿಂದ ಆ ತುದಿಯವರೆಗೆ ಗಾಜು, ಗಾಜಿನಾಚೆ ಬರೀ ಸಮುದ್ರ. ಅಮೀನಬಿ ಮಂಚದ ಮೇಲೆ ಕಾಲು ಚಾಚಿ ಕುಳಿತು, ತೊಡೆಯ ಮೇಲಿನ ರೊಟ್ಟಿಯ ಗಂಟು ಬಿಚ್ಚುವುದನ್ನೂ ಮರೆತಿದ್ದರು.

“ಯಾ ಅಲ್ಲಾ! ಎಷ್ಟ ನೀರು!”

ಸಾಹೇಬರ ಕಣ್ಣು ಒದ್ದೆಯಾದವು. ಬಕೆಟ್ ಮೇಲೆ ನಿಂತಲ್ಲೇ ಅವರೂ ಬಾಯಿ ತೆರೆದು ಸಮುದ್ರ ನೋಡಿದರು.

ಬಹಳ ಹೊತ್ತಿನ ಮೇಲೆ ಅಮೀನಬಿ ತಿರುಗದೆಯೇ ಹೇಳಿದರು:

“ಇನ್ನ ಇಳೀರಿ. ಬಕೆಟ್ ಅವರದೈತಿ, ತಳ ಒಡದೀತು!”